ನಮ್ಮ ಊಟ, ನಮ್ಮ ತೋಟ, ನಮ್ಮ ಕಾಡು: ಯಾವ ತೀರ್ಮಾನದಿಂದ ವನ್ಯಜೀವಿಗಳಿಗೆ ನಿಜವಾಗಿ ಉಪಕಾರವಾಗುತ್ತದೆ?

ಬಾಣೆಮನೆ (ನಾಪೋಕ್ಲು):

ಎಲ್ಲರಿಗೂ ನಮಸ್ಕಾರ. ಕೊಡಗಿನ ನಾಪೋಕ್ಲು ಸಮೀಪದ ಹಳ್ಳಿಯೊಂದರಲ್ಲಿ ನಮ್ಮ ಕುಟುಂಬಕ್ಕೆ ಸಣ್ಣ ಕಾಫಿ ತೋಟವಿದೆ. ತೋಟದ ಕೆಳಗೆ, ತೋಡಿನ (ಸಣ್ಣ ಹಳ್ಳದ) ಪಕ್ಕದಲ್ಲಿ, ಒಂದು ಬೆಳೆಯ ಭತ್ತದ ಗದ್ದೆಯೂ ಇದೆ. ಮನೆಯ ಒಂದು ಭಾಗವನ್ನು ಹೋಂಸ್ಟೇ ಆಗಿ ನಡೆಸುತ್ತಿದ್ದೇವೆ. ಅಡುಗೆಮನೆಯ ಜವಾಬ್ದಾರಿ ನನ್ನದು. ತೋಟದ ತೀರ್ಮಾನಗಳನ್ನು ಮನೆಯವರೆಲ್ಲ ಕೂತು ಮಾಡುತ್ತೇವೆ.

ನಮ್ಮಲ್ಲಿ ತಂಗುವ ಅತಿಥಿಗಳಲ್ಲಿ ಕೆಲವರು, ಮಾಂಸಾಹಾರವನ್ನು ಬಿಟ್ಟರೆ ಮಾತ್ರ ಕಾಡು ಮತ್ತು ಕಾಡುಪ್ರಾಣಿಗಳು ಉಳಿಯುತ್ತವೆ ಎಂದು ದೃಢವಾಗಿ ನಂಬಿದವರು. ಪಂದಿ ಕರಿಯನ್ನು (ಹಂದಿ ಮಾಂಸದ ಸಾರನ್ನು) ಊಟದ ಪಟ್ಟಿಯಿಂದ ತೆಗೆಯಿರಿ ಎಂದು ಸಲಹೆಯನ್ನೂ ಕೊಡುತ್ತಾರೆ. ಇನ್ನು ಕೆಲವರು ಕೊಡಗಿಗೆ ಬಂದ ಮೇಲೆ ಕಾಡುಹಂದಿಯ ಮಾಂಸ ಸಿಗಲೇಬೇಕು ಎಂಬ ನಿರೀಕ್ಷೆಯಿಂದ ವಿಚಾರಿಸುತ್ತಾರೆ. ಎರಡನೆಯವರಿಗೆ ಇಲ್ಲ ಎಂದು ಹೇಳುವುದು ನನಗೆ ಕಷ್ಟವಲ್ಲ. ಮೊದಲನೆಯವರಿಗೆ ಏನು ಉತ್ತರಿಸಬೇಕೆಂದು ಮಾತ್ರ ತಿಳಿಯುತ್ತಿಲ್ಲ, ಏಕೆಂದರೆ ಅವರ ಮಾತಿನಲ್ಲಿ ಸತ್ಯವಿದೆ ಎಂದು ನನಗೂ ಅನ್ನಿಸುತ್ತದೆ.

ಇದೇ ಹೊತ್ತಿಗೆ ಮನೆಯಲ್ಲಿ ಎರಡು ವಿಷಯಗಳು ಚರ್ಚೆಯಲ್ಲಿವೆ. ಮೊದಲನೆಯದು, ತೋಟದಲ್ಲಿರುವ ಹಲಸು, ಅತ್ತಿ, ನೇರಳೆ, ನಂದಿ ಮುಂತಾದ ಹಳೆಯ ಮರಗಳಲ್ಲಿ ಕೆಲವನ್ನು ತೆಗೆದು, ಸಿಲ್ವರ್ ಓಕ್ ನೆಟ್ಟು, ಅದಕ್ಕೆ ಕರಿಮೆಣಸು ಹಬ್ಬಿಸಬೇಕೆಂಬ ಯೋಚನೆ. ಎರಡನೆಯದು, ಭತ್ತದಿಂದ ಖರ್ಚೂ ಹುಟ್ಟದಿರುವುದರಿಂದ ಗದ್ದೆಯನ್ನು ಶುಂಠಿ ಬೆಳೆಗೆ ಗುತ್ತಿಗೆ ಕೊಡಬೇಕೆಂಬ ಯೋಚನೆ. ತಟ್ಟೆಯಲ್ಲಿ ಏನಿರಬೇಕು ಎಂಬ ಪ್ರಶ್ನೆಯೂ ಹೊಲದಲ್ಲಿ ಏನಿರಬೇಕು ಎಂಬ ಪ್ರಶ್ನೆಯೂ ಬೇರೆ ಬೇರೆಯಲ್ಲ ಎಂಬ ಭಾವನೆ ನನಗೆ ಬಂದಿದೆ. ಕಾಡಿನ ಹಿತದೃಷ್ಟಿಯಿಂದ ನೋಡಿದರೆ ಇವುಗಳಲ್ಲಿ ಯಾವ ತೀರ್ಮಾನಕ್ಕೆ ಹೆಚ್ಚು ತೂಕವಿದೆ? ತಿಳಿದವರು ದಯವಿಟ್ಟು ವಿವರವಾಗಿ ಬರೆಯಬೇಕು.

ಹಸಿರುಹಾದಿ (ಪೊನ್ನಂಪೇಟೆ):

ಬಾಣೆಮನೆಯವರೇ, ಅರಣ್ಯಶಾಸ್ತ್ರ ಓದಿದವನಾಗಿ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ನಿಮ್ಮ ಅತಿಥಿಗಳ ಮಾತು ಜಗತ್ತಿನ ಮಟ್ಟದಲ್ಲಿ ಸರಿಯಾದದ್ದು. ಮನುಷ್ಯರು ವಾಸಿಸಲು ಯೋಗ್ಯವಾದ ನೆಲದಲ್ಲಿ ಸುಮಾರು ಅರ್ಧದಷ್ಟು ಇಂದು ಕೃಷಿಯ ಕೈಯಲ್ಲಿದೆ. ಆ ಕೃಷಿಭೂಮಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಜಾನುವಾರುಗಳ ಮೇವಿಗೆ ಮತ್ತು ಅವುಗಳ ಆಹಾರದ ಬೆಳೆಗಳಿಗೆ ಬಳಕೆಯಾಗುತ್ತಿದೆ. ಅಮೆಜಾನ್ ಕಾಡು ಕಡಿದುಹೋಗಲು ದನದ ಹುಲ್ಲುಗಾವಲೇ ಅತಿ ದೊಡ್ಡ ಕಾರಣ. ಜಗತ್ತಿನಲ್ಲಿ ಬೆಳೆಯುವ ಸೋಯಾದಲ್ಲಿ ಸುಮಾರು ಮುಕ್ಕಾಲು ಪಾಲು ಕೋಳಿ, ಹಂದಿ ಮುಂತಾದ ಸಾಕುಪ್ರಾಣಿಗಳ ಹೊಟ್ಟೆಗೆ ಹೋಗುತ್ತದೆ. ಜೀವವೈವಿಧ್ಯದ ಅಂತರಸರ್ಕಾರಿ ವೇದಿಕೆಯು 2019ರಲ್ಲಿ ಪ್ರಕಟಿಸಿದ ವರದಿಯು ಸುಮಾರು ಹತ್ತು ಲಕ್ಷ ಜೀವಪ್ರಭೇದಗಳು ಅಳಿವಿನ ಅಪಾಯದಲ್ಲಿವೆ ಎಂದು ಹೇಳಿ, ನೆಲದ ಮೇಲಿನ ಜೀವಿಗಳ ಮಟ್ಟಿಗೆ ಭೂಬಳಕೆಯ ಬದಲಾವಣೆಯನ್ನೇ ಮೊದಲ ಕಾರಣವಾಗಿ ಗುರುತಿಸಿತು. ಹಾಗಾಗಿ ಮಾಂಸವನ್ನು ಕಡಿಮೆ ತಿನ್ನುವುದು ಒಳ್ಳೆಯದು ಎಂಬ ಮಾತನ್ನು ನಾನು ಅಲ್ಲಗಳೆಯುವುದಿಲ್ಲ.

ಆದರೆ ಈ ಲೆಕ್ಕವನ್ನು ನಿಮ್ಮ ಅಡುಗೆಮನೆಗೆ ಹೊಂದಿಸುವಾಗ, ಪ್ರಾಣಿ ಏನನ್ನು ತಿಂದು ಬೆಳೆಯಿತು, ಆ ಆಹಾರ ಯಾವ ನೆಲದಲ್ಲಿ ಬೆಳೆಯಿತು ಎಂದು ಕೇಳಲೇಬೇಕಾಗುತ್ತದೆ. ಹಿಂದೆ ಕೊಡಗಿನ ಮನೆಗಳಲ್ಲಿ ಹಂದಿಯನ್ನು ಕೆಂಬಿನ (ಕೆಸುವಿನ) ಗೆಡ್ಡೆ, ಉದುರಿದ ಹಲಸು, ಅಡುಗೆಮನೆಯ ಮಿಕ್ಕಿದ್ದು, ಅಕ್ಕಿಯ ತೌಡು ಹಾಕಿ ಸಾಕುತ್ತಿದ್ದರು. ಅದಕ್ಕಾಗಿ ಬೇರೆ ನೆಲವನ್ನು ಬಗೆಯುವ ಅಗತ್ಯವಿರಲಿಲ್ಲ. ಇಂದು ಫಾರಂಗಳಲ್ಲಿ ಮುಸುಕಿನ ಜೋಳ ಮತ್ತು ಸೋಯಾ ಹಿಂಡಿಯಿಂದ ಬೆಳೆಯುವ ಹಂದಿ ಮತ್ತು ಬ್ರಾಯ್ಲರ್ ಕೋಳಿಯ ಹಿಂದೆ ಎಕರೆಗಟ್ಟಲೆ ಏಕಬೆಳೆಯ ಹೊಲಗಳಿವೆ. ಹತ್ತಿರದ ಮನೆಯಲ್ಲಿ ಮಿಕ್ಕಿದ್ದನ್ನು ತಿಂದು ಬೆಳೆದ ಹಂದಿ ಸಿಕ್ಕಾಗ ಪಂದಿ ಕರಿ ಮಾಡಿ, ಉಳಿದ ದಿನಗಳಲ್ಲಿ ಬೈಂಬಳೆ (ಕಣಿಲೆ) ಕರಿ, ಕುಮ್ಮು (ಅಣಬೆ) ಕರಿ, ಕೆಂಬು ಸೊಪ್ಪಿನ ಪಲ್ಯ ಇವುಗಳಿಗೆ ಹೆಚ್ಚು ಜಾಗ ಕೊಟ್ಟರೆ ನೆಲದ ಮೇಲಿನ ಭಾರವೂ ಇಳಿಯುತ್ತದೆ, ಊಟವೂ ನಮ್ಮ ನೆಲದ್ದಾಗಿಯೇ ಉಳಿಯುತ್ತದೆ. ಕಣಿಲೆಯನ್ನು ಮಾತ್ರ ಸ್ವಂತ ಜಾಗದ ಬಿದಿರಿನಿಂದ ತೆಗೆಯಿರಿ. ಕಾಡಿನ ಹೆಬ್ಬಿದಿರು ಸುಮಾರು ನಲವತ್ತು ವರ್ಷಗಳಿಗೊಮ್ಮೆ ಒಟ್ಟಾಗಿ ಹೂಬಿಟ್ಟು ಸಾಯುವ ಸಸ್ಯ. ಹಾಗೆ ಸತ್ತ ಮೇಲೆ ಮರಳಿ ಏಳುತ್ತಿರುವ ಎಳೆ ಬಿದಿರು ಆನೆಗಳ ಮೇವು.

ಕಾಡುಹಂದಿಯ ವಿಷಯದಲ್ಲಿ ನೀವು ಇಲ್ಲ ಎನ್ನುತ್ತಿರುವುದು ಸಂತೋಷದ ಸಂಗತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅದು ಅಪರಾಧ ಎಂಬುದನ್ನು ಎಲ್ಲರೂ ಬಲ್ಲರು. ಎಷ್ಟೋ ಜನ ಯೋಚಿಸದಿರುವುದು ಉರುಳಿನ ವಿಷಯ. ತೋಟದ ಬೇಲಿಯಂಚಿನಲ್ಲಿ ಹಂದಿಗೆಂದು ಕಟ್ಟುವ ತಂತಿಯ ಉರುಳಿಗೆ ಹಂದಿಯೇ ಬರಬೇಕೆಂಬ ನಿಯಮವಿಲ್ಲ. ನಾಗರಹೊಳೆಯ ಸುತ್ತಲಿನ ತೋಟಗಳಲ್ಲಿ ಹುಲಿ, ಚಿರತೆಗಳು ಇಂಥ ಉರುಳುಗಳಿಗೆ ಸಿಲುಕಿ ನರಳಿ ಸತ್ತಿವೆ. ಕಾಡುಮಾಂಸಕ್ಕೆ ಗಿರಾಕಿ ಇರುವವರೆಗೆ ಉರುಳು ಕಟ್ಟುವವರು ಇದ್ದೇ ಇರುತ್ತಾರೆ. ಆದ್ದರಿಂದ ಒಂದು ಹೋಂಸ್ಟೇ ಅತಿಥಿಗೆ ಸ್ಪಷ್ಟವಾಗಿ, ಕಾರಣ ಸಹಿತ, ಇಲ್ಲ ಎಂದು ಹೇಳುವುದು ಬಹಳ ದೊಡ್ಡ ಕೆಲಸ.

ಅಡುಗೆ ಎಣ್ಣೆಯ ಬಗ್ಗೆಯೂ ಒಂದು ಮಾತು. ನಮ್ಮ ದೇಶವು ಜಗತ್ತಿನಲ್ಲಿಯೇ ಅತಿ ಹೆಚ್ಚು ತಾಳೆ ಎಣ್ಣೆ ಆಮದು ಮಾಡಿಕೊಳ್ಳುವ ದೇಶ. ಆ ಎಣ್ಣೆಯ ಬಹುಪಾಲು ಬರುವುದು ಇಂಡೋನೇಷ್ಯಾ ಮತ್ತು ಮಲೇಷ್ಯಾಗಳಿಂದ. ಅಲ್ಲಿ ಮಳೆಕಾಡು ಕಡಿದು ತಾಳೆ ತೋಟ ಮಾಡಿದ್ದರಿಂದ ಒರಾಂಗುಟಾನ್‌ಗಳು ನೆಲೆ ಕಳೆದುಕೊಂಡವು. ಹಾಗೆಂದು ತಾಳೆಯನ್ನು ಬಿಟ್ಟು ಬೇರೆ ಎಣ್ಣೆಗೆ ಹೋದರೆ ಎಲ್ಲವೂ ಸರಿಯಾಗುತ್ತದೆ ಎನ್ನಲಾಗದು, ಏಕೆಂದರೆ ಒಂದೇ ಪ್ರಮಾಣದ ಎಣ್ಣೆಗೆ ಸೋಯಾ, ಸೂರ್ಯಕಾಂತಿಗಳಿಗೆ ತಾಳೆಗಿಂತ ಹಲವು ಪಟ್ಟು ಹೆಚ್ಚು ನೆಲ ಬೇಕು. ಕರಿದ ತಿಂಡಿಯನ್ನೇ ಕಡಿಮೆ ಮಾಡಿ, ಕಡಂಬುಟ್ಟು, ನೂಪುಟ್ಟುಗಳಂಥ ಹಬೆಯಲ್ಲಿ ಬೇಯುವ ತಿಂಡಿಗಳನ್ನು ಮುಂದಿಡುವುದು ಇದಕ್ಕೆ ಸರಳ ಉಪಾಯ.

ಇಷ್ಟೆಲ್ಲ ಹೇಳಿದ ಮೇಲೂ, ನಿಮ್ಮ ಅಡುಗೆಮನೆಗಿಂತ ನಿಮ್ಮ ತೋಟದ ಮರಗಳ ತೀರ್ಮಾನವೇ ಹೆಚ್ಚು ತೂಕದ್ದು ಎಂಬುದು ನನ್ನ ಅಭಿಪ್ರಾಯ. ತೋಟದ ಅನುಭವವುಳ್ಳವರು ಅದನ್ನು ನನಗಿಂತ ಚೆನ್ನಾಗಿ ವಿವರಿಸಬಲ್ಲರು.

ತೋಟದಂಚು (ಸಿದ್ದಾಪುರ):

ಹಸಿರುಹಾದಿಯವರ ಕೊನೆಯ ಮಾತನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ, ಅಲ್ಲಿಂದಲೇ ಮುಂದುವರಿಸುತ್ತೇನೆ.

ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ನಮ್ಮ ಜಿಲ್ಲೆಯದು. ಬ್ರೆಜಿಲ್ ಮತ್ತು ವಿಯೆಟ್ನಾಂಗಳಲ್ಲಿ ಕಾಫಿಯನ್ನು ಬಹುಮಟ್ಟಿಗೆ ಬಯಲಿನಲ್ಲಿ, ನೇರ ಬಿಸಿಲಿನಲ್ಲಿ ಬೆಳೆಯುತ್ತಾರೆ. ನಮ್ಮಲ್ಲಿ ಹಿಂದಿನಿಂದಲೂ ಕಾಡುಮರಗಳ ನೆರಳಿನಲ್ಲಿ ಬೆಳೆದಿದ್ದೇವೆ. 4,102 ಚದರ ಕಿಲೋಮೀಟರ್ ವಿಸ್ತೀರ್ಣದ ಈ ಜಿಲ್ಲೆಯಲ್ಲಿ ಒಂದು ಕಡೆ ನಾಗರಹೊಳೆ, ಇನ್ನೊಂದು ಕಡೆ ಬ್ರಹ್ಮಗಿರಿ, ತಲಕಾವೇರಿ, ಪುಷ್ಪಗಿರಿ ಅಭಯಾರಣ್ಯಗಳಿವೆ. ನಡುವೆ 1,200ಕ್ಕೂ ಹೆಚ್ಚು ದೇವರಕಾಡುಗಳು ಚದುರಿಕೊಂಡಿವೆ. ಈ ತುಣುಕುಗಳ ನಡುವಿನ ನೆಲವೆಲ್ಲ ನಮ್ಮ ತೋಟಗಳೇ. ಮಂಗಟ್ಟೆ ಹಕ್ಕಿ ಒಂದು ದೇವರಕಾಡಿನಿಂದ ಇನ್ನೊಂದಕ್ಕೆ ಹೋಗುವುದು, ಕೆಂದಳಿಲು ಮರದಿಂದ ಮರಕ್ಕೆ ದಾಟುವುದು, ಪುನುಗುಬೆಕ್ಕು ಹಣ್ಣು ತಿಂದು ಬೀಜ ಹರಡುವುದು ಸಾಧ್ಯವಾಗಿರುವುದು ತೋಟದ ಮರಗಳಿಂದಾಗಿ. ಅತ್ತಿ, ಬಸರಿ, ಗೋಣಿಯಂಥ ಮರಗಳು ಬೇರೆ ಮರಗಳಲ್ಲಿ ಹಣ್ಣಿಲ್ಲದ ಕಾಲದಲ್ಲಿಯೂ ಹಣ್ಣು ಬಿಡುವುದರಿಂದ ಹಣ್ಣು ತಿನ್ನುವ ಹಕ್ಕಿಗಳ ಜೀವ ಅವುಗಳನ್ನೇ ನಂಬಿಕೊಂಡಿದೆ. ಮಂಗಟ್ಟೆಗೆ ಗೂಡು ಮಾಡಲು ದೊಡ್ಡ ಮರದ ಪೊಟರೆಯೇ ಬೇಕು. ಅಂಥ ಪೊಟರೆ ಮೂಡಲು ತಲೆಮಾರುಗಳೇ ಕಳೆಯಬೇಕು.

ಸಿಲ್ವರ್ ಓಕ್ ಆಸ್ಟ್ರೇಲಿಯಾದ ಪೂರ್ವಭಾಗದ ಮರ. ಬೇಗ ಬೆಳೆಯುತ್ತದೆ, ನೆಟ್ಟಗೆ ಹೋಗುತ್ತದೆ, ಮೆಣಸಿನ ಬಳ್ಳಿಗೆ ಒಳ್ಳೆಯ ಆಸರೆ. ಎಲ್ಲಕ್ಕಿಂತ ಮುಖ್ಯವಾಗಿ, ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕಿಲ್ಲ. ಬೀಟೆ, ಹೊನ್ನೆಗಳನ್ನು ಉಳಿಸಿಕೊಂಡವನು ಅದೇ ಮರವನ್ನು ಮುಂದೆ ಕಷ್ಟಕಾಲದಲ್ಲಿ ಮಾರಬೇಕೆಂದರೆ ಬಾಣೆಯ (ಗದ್ದೆಗೆ ಸೇರಿದ ಮರಗಳ ಜಾಗದ) ಹಕ್ಕು, ರಿಡೀಮ್ಡ್ (ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿದ ಜಾಗ) ಹೌದೋ ಅಲ್ಲವೋ ಎಂಬ ಕಾಗದಪತ್ರ, ಕಚೇರಿಯಿಂದ ಕಚೇರಿಗೆ ಓಡಾಟ ಎಲ್ಲವನ್ನೂ ಎದುರಿಸಬೇಕು. ಊರಿನ ಮರ ಬೆಳೆಸಿದವನಿಗೆ ತೊಡಕು, ಹೊರಗಿನ ಮರ ನೆಟ್ಟವನಿಗೆ ಅನುಕೂಲ ಎಂಬ ಈ ವ್ಯವಸ್ಥೆ ಸರಿಯಾಗದೆ, ಬೆಳೆಗಾರರನ್ನು ಮಾತ್ರ ದೂರುವುದು ನ್ಯಾಯವಲ್ಲ ಎಂದು ನಾನು ಗಟ್ಟಿಯಾಗಿ ನಂಬಿದ್ದೇನೆ. ಆದರೂ ಪ್ರಾಣಿಪಕ್ಷಿಗಳ ಕಡೆಯಿಂದ ನೋಡಿದರೆ ಸತ್ಯ ಸ್ಪಷ್ಟವಾಗಿದೆ. ಸಿಲ್ವರ್ ಓಕ್ ಹೂವಿನ ಮಕರಂದಕ್ಕೆ ಕೆಲವು ಹಕ್ಕಿಗಳು ಬರುತ್ತವೆ. ತಿನ್ನುವ ಹಣ್ಣು ಅದರಲ್ಲಿಲ್ಲ, ಪೊಟರೆ ಆಗುವ ವಯಸ್ಸಿಗೆ ಮುಂಚೆಯೇ ಅದು ಕೊಡಲಿಗೆ ಬೀಳುತ್ತದೆ, ಉದುರಿದ ಎಲೆ ಬೇಗ ಕೊಳೆಯುವುದಿಲ್ಲ.

ಅರೇಬಿಕಾ ಜಾತಿಯ ಕಾಫಿಯಿಂದ ರೋಬಸ್ಟಾ ಜಾತಿಗೆ ಬದಲಾದದ್ದೂ ಹಳೆಯ ಮರಗಳು ಹೋಗಲು ಒಂದು ಕಾರಣ. ಬಿಳಿ ಕಾಂಡಕೊರಕ ಎಂಬ ಕೀಟದ ಕಾಟದಿಂದ ಬೇಸತ್ತು ಎಷ್ಟೋ ಮಂದಿ ಅರೇಬಿಕಾ ತೆಗೆದರು. ರೋಬಸ್ಟಾಕ್ಕೆ ನೆರಳು ಕಡಿಮೆ ಸಾಕು. 2024ರಲ್ಲಿ ರೋಬಸ್ಟಾ ಬೆಲೆ ಹಿಂದೆಂದೂ ಕಾಣದ ಮಟ್ಟಕ್ಕೆ ಏರಿದಾಗ, ಇನ್ನೂ ಸ್ವಲ್ಪ ಬೆಳಕು ಬಿಟ್ಟರೆ ಇನ್ನೂ ಸ್ವಲ್ಪ ಫಸಲು ಎಂಬ ಆಸೆ ಎಲ್ಲರಲ್ಲಿಯೂ ಮೂಡಿತು. ಆದರೆ ರೋಬಸ್ಟಾ ತನ್ನದೇ ಪರಾಗದಿಂದ ಕಾಯಿ ಕಟ್ಟದ ಗಿಡ. ಗಿಡದಿಂದ ಗಿಡಕ್ಕೆ ಪರಾಗವನ್ನು ಗಾಳಿ ಮತ್ತು ಜೇನುನೊಣಗಳೇ ಒಯ್ಯಬೇಕು. ಹೆಜ್ಜೇನು ಕಟ್ಟುವುದು ಎತ್ತರದ ಹಳೆಯ ಮರಗಳ ಕೊಂಬೆಯಲ್ಲಿ, ತುಡುವೆ ಕೂರುವುದು ಮರದ ಪೊಟರೆಯಲ್ಲಿ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ಕುಟುಂಬಗಳು ನಾಶವಾದುದನ್ನು ಭಾಗಮಂಡಲ, ವಿರಾಜಪೇಟೆ ಕಡೆಯ ಜೇನು ಕೃಷಿಕರು ಇಂದಿಗೂ ಮರೆತಿಲ್ಲ. ಹಳೆಯ ಮರ ಕಡಿದವನು ತನ್ನ ಫಸಲಿನ ಕೆಲಸಗಾರರನ್ನೇ ತೋಟದಿಂದ ಹೊರಹಾಕಿದಂತೆ.

ಇನ್ನು ಆನೆಯ ಪ್ರಶ್ನೆ. ನಮ್ಮ ಸಿದ್ದಾಪುರ, ಅಮ್ಮತ್ತಿ, ಪಾಲಿಬೆಟ್ಟ, ಮಾಲ್ದಾರೆ ಭಾಗದಲ್ಲಿ ಈ ಚರ್ಚೆಗೆ ಬೇರೆಯೇ ಮುಖವಿದೆ. 2023ರ ಗಣತಿಯಲ್ಲಿ ಕರ್ನಾಟಕದಲ್ಲಿ 6,395 ಆನೆಗಳಿವೆ ಎಂದು ಅಂದಾಜು ಮಾಡಲಾಯಿತು, ಯಾವ ರಾಜ್ಯದಲ್ಲಿಯೂ ಇಷ್ಟಿಲ್ಲ. ದೊಡ್ಡ ಆನೆಗೆ ದಿನಕ್ಕೆ ಸುಮಾರು 150 ಕಿಲೋ ಮೇವು ಬೇಕು. ಕಾಡಿನೊಳಗೆ ಲಂಟಾನ ಕಳೆ ಹಬ್ಬಿ, ಹಿಂದಿನ ಕಾಲದ ತೇಗದ ನೆಡುತೋಪುಗಳೂ ಇದ್ದು, ಮೇವು ಕಡಿಮೆಯಾಗಿದೆ. ತೋಟದಲ್ಲಿ ನೆರಳಿದೆ, ಕೆರೆಯ ನೀರಿದೆ, ಬಾಳೆಯಿದೆ, ಮಳೆಗಾಲದ ಮೊದಲು ಹಲಸಿದೆ. ಆನೆಗಳು ಕಾಫಿ ಹಣ್ಣನ್ನು ತಿನ್ನುವುದನ್ನೂ ಕಲಿತಿವೆ, ಲದ್ದಿಯಲ್ಲಿ ಬೀಜ ಕಾಣುತ್ತೇವೆ. ತೋಟದಲ್ಲಿಯೇ ಮರಿ ಹಾಕುವ ಹಿಂಡುಗಳಿವೆ. ಬೆಳಗಿನ ಹೊತ್ತು ಲೈನ್ ಮನೆಯಿಂದ (ತೋಟದ ಕಾರ್ಮಿಕರ ಸಾಲುಮನೆಯಿಂದ) ಕೆಲಸಕ್ಕೆ ಹೊರಟ ಕಾರ್ಮಿಕರು ಆನೆಯ ಎದುರು ಸಿಕ್ಕಿ ಪ್ರಾಣ ಕಳೆದುಕೊಂಡ ಮನೆಗಳಿಗೆ ಹೋಗಿ ಬಂದವನು ನಾನು. ಆದ್ದರಿಂದ ಹಣ್ಣಿನ ಮರ ಉಳಿಸಿ ಎಂದು ಹೇಳುವವರು ಈ ಸಾವುಗಳನ್ನೂ ಲೆಕ್ಕಕ್ಕೆ ತೆಗೆದುಕೊಂಡೇ ಮಾತನಾಡಬೇಕು. ಆನೆ ಓಡಾಡುವ ಜಾಗದಲ್ಲಿ ಹಲಸಿನ ಮರವನ್ನು ಕಡಿಯುವ ಬದಲು, ಲೈನ್ ಮನೆ ಮತ್ತು ದಾರಿಯ ಹತ್ತಿರದ ಮರಗಳಲ್ಲಿ ಕಾಯಿಯನ್ನು ಎಳೆಯದರಲ್ಲಿಯೇ ಇಳಿಸುವುದು ನಾವು ಅನುಸರಿಸುತ್ತಿರುವ ದಾರಿ. ಎಳೆ ಗುಜ್ಜೆಗೆ ಪಟ್ಟಣದಲ್ಲಿ ಈಗ ಒಳ್ಳೆಯ ಬೇಡಿಕೆಯಿದೆ. ಹೋಂಸ್ಟೇಗಳು ಕೊಂಡರೆ ನಮಗೂ ಉಪಕಾರ. ನಿಮ್ಮ ಕಡೆ ಆನೆಯ ಓಡಾಟ ನಮ್ಮಷ್ಟಿಲ್ಲವಾದರೆ ಹಲಸು, ಅತ್ತಿಗಳನ್ನು ಮುಟ್ಟಲೇಬೇಡಿ.

ಮೆಣಸು ಬೇಕೆಂದಾದರೆ ಸಿಲ್ವರ್ ಓಕ್ ಅನಿವಾರ್ಯವಲ್ಲ. ಹಲಸು, ಹಾಲುವಾಣಗಳಿಗೂ ಬಳ್ಳಿ ಚೆನ್ನಾಗಿ ಹಬ್ಬುತ್ತದೆ. ಪ್ರತಿವರ್ಷ ಮರ ಕಪಾತು (ಕೊಂಬೆ ಸವರುವುದು) ಸರಿಯಾಗಿ ಮಾಡಿಸಿ ಬೆಳಕನ್ನು ಹದಗೊಳಿಸಿದರೆ ಕಾಫಿಗೆ ಬೇಕಾದಷ್ಟು ಬೆಳಕು ಮರ ಉಳಿದೂ ಸಿಗುತ್ತದೆ. ಖರ್ಚು ಬರುತ್ತದೆ, ಕೆಲಸ ಬಲ್ಲವರು ಸಿಗುವುದು ಕಷ್ಟ ಎಂಬುದೂ ನಿಜ.

ಫಿಲ್ಟರ್‌ಲೋಟ (ಮೈಸೂರು):

ಚರ್ಚೆ ಓದಿ ಒಂದು ಪ್ರಶ್ನೆ ಮೂಡಿತು. ನನ್ನಂಥ ಪಟ್ಟಣದವರು ಅಂಗಡಿಯಲ್ಲಿ ಪುಡಿ ಕೊಳ್ಳುವಾಗ ಅದು ಕಾಡುಮರಗಳ ನೆರಳಿನದೋ ಸಿಲ್ವರ್ ಓಕ್ ತೋಪಿನದೋ ಎಂದು ತಿಳಿಯುವ ಮಾರ್ಗವೇ ಇಲ್ಲ. ಎಲ್ಲ ಪೊಟ್ಟಣಗಳ ಮೇಲೂ ನೆರಳಿನಲ್ಲಿ ಬೆಳೆದದ್ದು ಎಂಬ ಮಾತಿರುತ್ತದೆ. ಮರ ಉಳಿಸಿದ ಬೆಳೆಗಾರರಿಗೆ ಕಿಲೋಗೆ ಹೆಚ್ಚು ಹಣ ಕೊಡಲು ನಾನು ಸಿದ್ಧ, ನನ್ನಂಥವರು ಇನ್ನೂ ಅನೇಕರಿದ್ದಾರೆ. ಆ ಹಣ ನಿಮ್ಮವರೆಗೆ ತಲುಪುವ ದಾರಿ ಯಾವುದು?

ಗದ್ದೆಬದು (ಭಾಗಮಂಡಲ ಸಮೀಪ):

ಮರಗಳ ಬಗ್ಗೆ ಎಲ್ಲರೂ ಮಾತನಾಡುತ್ತಾರೆ, ಗದ್ದೆಯ ಬಗ್ಗೆ ಮಾತನಾಡುವವರು ಕಡಿಮೆ. ಬಾಣೆಮನೆಯ ಅಕ್ಕ ಅದನ್ನೂ ಕೇಳಿದ್ದರಿಂದ ಬರೆಯುತ್ತಿದ್ದೇನೆ.

ನಮ್ಮ ಗದ್ದೆಗಳು ಬೆಟ್ಟಗಳ ನಡುವಿನ ತಗ್ಗಿನಲ್ಲಿವೆ. ಬಾಣೆಯಿಂದ, ತೋಟದಿಂದ ಇಳಿದು ಬರುವ ಮಳೆನೀರು ಬದುಗಳ ನಡುವೆ ತಿಂಗಳುಗಟ್ಟಲೆ ನಿಂತು, ನಿಧಾನವಾಗಿ ಇಂಗಿ, ಉಳಿದದ್ದು ತೋಡಿಗೆ ಹೋಗುತ್ತದೆ. ಕಾವೇರಿಗೆ ಬೇಸಿಗೆಯಲ್ಲಿ ನೀರು ಕೊಡುವ ತೊರೆಗಳು ಬತ್ತದಿರಲು ಈ ನಿಲುಗಡೆ ನೆರವಾಗುತ್ತದೆ. ನಾಟಿಯ ಕಾಲದಲ್ಲಿ ಗದ್ದೆಗೆ ಇಳಿದವರಿಗೆ ಗೊತ್ತು: ಕಪ್ಪೆ, ಏಡಿ, ಸಣ್ಣ ಮೀನು, ಏರೋಪ್ಲೇನ್ ಚಿಟ್ಟೆಯ ಮರಿ, ಅವುಗಳನ್ನು ಹುಡುಕಿ ಬರುವ ಬೆಳ್ಳಕ್ಕಿ, ರಾತ್ರಿ ಹೊತ್ತು ಬದುವಿನಲ್ಲಿ ನಡೆಯುವ ನೀರುನಾಯಿ. ಮಳೆಗಾಲದಲ್ಲಿ ಇದೊಂದು ಜೌಗುನೆಲವೇ ಸರಿ. ನಿಂತ ನೀರಿನಲ್ಲಿ ಮೀಥೇನ್ ಹುಟ್ಟುತ್ತದೆ, ಅದು ಭೂಮಿಯ ಬಿಸಿ ಏರಲು ಕಾರಣ ಎಂಬ ಆಕ್ಷೇಪ ಸತ್ಯವೇ. ಆದರೆ ವರ್ಷಕ್ಕೆ ಒಂದೇ ಬೆಳೆ ಬೆಳೆಯುವ ನಮ್ಮ ತಗ್ಗಿನ ನೆಲದ ವಿಷಯದಲ್ಲಿ ಆ ಒಂದೇ ಕಾರಣಕ್ಕೆ ಗದ್ದೆಯನ್ನು ತಳ್ಳಿಹಾಕುವುದನ್ನು ನಾನು ಒಪ್ಪಲಾರೆ.

ಶುಂಠಿಗೆ ನೀರು ನಿಲ್ಲಬಾರದು. ಅದಕ್ಕಾಗಿ ಏರುಮಡಿ ಮಾಡಿ, ನಡುವೆ ಆಳವಾದ ಚರಂಡಿ ತೋಡಿ, ಗದ್ದೆಯ ನೀರನ್ನೆಲ್ಲ ಬಸಿದು ಹೊರಗೆ ಬಿಡುತ್ತಾರೆ. ಕಟ್ಟಿದ್ದ ಬದು ಒಡೆಯುತ್ತದೆ, ಮೇಲ್ಮಣ್ಣು ಮೊದಲ ದೊಡ್ಡ ಮಳೆಗೆ ತೋಡಿಗೆ ಹೋಗುತ್ತದೆ. ಗೆಡ್ಡೆ ಕೊಳೆ ರೋಗ, ಬಾಡು ರೋಗಗಳು ಮಣ್ಣಿನಲ್ಲಿಯೇ ಉಳಿಯುವುದರಿಂದ ಶುಂಠಿ ಬೆಳೆಯುವವರು ಒಂದು ಜಾಗದಲ್ಲಿ ನಿಲ್ಲುವುದಿಲ್ಲ; ಒಂದು ಬೆಳೆ ತೆಗೆದು ಹೊಸ ಜಾಗಕ್ಕೆ ಹೋಗುತ್ತಾರೆ, ಹಾಳಾದ ನೆಲ ಮಾಲೀಕನಿಗೆ ಉಳಿಯುತ್ತದೆ. ರೋಗ ತಡೆಯಲು ಸುರಿಯುವ ಔಷಧಿಯ ಪ್ರಮಾಣ ನೋಡಿದರೆ ಸಂಕಟವಾಗುತ್ತದೆ. ಬಹಳ ಕಾಲ ಬಳಕೆಯಲ್ಲಿದ್ದ ಫೋರೇಟ್ ಎಂಬ ಕಡುವಿಷವನ್ನು 2018ರ ಕೇಂದ್ರ ಸರ್ಕಾರದ ಆದೇಶದಂತೆ 2020ರ ಕೊನೆಗೆ ಪೂರ್ತಿಯಾಗಿ ನಿಲ್ಲಿಸಲಾಯಿತು. ಅಂಥ ವಿಷ ಬಿದ್ದ ಚರಂಡಿಯ ನೀರು ಹೋಗುವುದು ಕಾವೇರಿಗೆ. ಕಾವೇರಿಯ ದೊಡ್ಡ ಮಾಶೀರ್ ಮೀನು ಇಂದು ಅಳಿವಿನ ತೀರ ಅಂಚಿನಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಗುತ್ತಿಗೆ ಕೊಡುವವರ ಮೇಲೆ ನನಗೆ ಕೋಪವಿಲ್ಲ. ನಾಟಿಗೆ ಆಳು ಸಿಗುವುದಿಲ್ಲ, ಕಾಳು ಕಟ್ಟುವ ಹೊತ್ತಿಗೆ ಹಂದಿ ಬರುತ್ತದೆ, ಕೆಲವು ಕಡೆ ಆನೆಯೂ ಬರುತ್ತದೆ, ಗಿರಣಿಗೆ ಹೋದರೆ ಸಿಗುವ ಬೆಲೆ ಉಳುಮೆಯ ಖರ್ಚಿಗೆ ಸಾಲದು. ಹುತ್ತರಿ ಸುಗ್ಗಿ ಹಬ್ಬಕ್ಕೆ ಕದಿರು ತೆಗೆಯಲು ಪಕ್ಕದ ಮನೆಯ ಗದ್ದೆಗೆ ಹೋಗುವ ಕುಟುಂಬಗಳು ನಮ್ಮ ಊರಿನಲ್ಲಿಯೇ ಇವೆ, ಅದನ್ನು ನೋಡುವಾಗ ಹೊಟ್ಟೆ ಉರಿಯುತ್ತದೆ.

ಅಕ್ಕ, ನಿಮ್ಮ ಕೈಯಲ್ಲಿ ಒಂದು ಅನುಕೂಲವಿದೆ, ಅದು ನಮಗಿಲ್ಲ. ನೀವು ಅಕ್ಕಿಯನ್ನು ಭತ್ತವಾಗಿ ಮಾರಬೇಕಿಲ್ಲ, ಅನ್ನವಾಗಿ, ಕಡಂಬುಟ್ಟಾಗಿ, ಅಕ್ಕಿ ರೊಟ್ಟಿಯಾಗಿ ಮಾರಬಹುದು. ಹೋಂಸ್ಟೇಯ ವರ್ಷದ ಅಕ್ಕಿಯನ್ನು ಹೊರಗಿನಿಂದ ತರುವ ಬದಲು ನಿಮ್ಮ ಗದ್ದೆಯದನ್ನೇ ಬಳಸಿ, ಸಾಲದಿದ್ದರೆ ಅಕ್ಕಪಕ್ಕದ ಗದ್ದೆಯವರಿಂದ ಕೊಳ್ಳಿ, ಗಿರಣಿಗಿಂತ ಸ್ವಲ್ಪ ಹೆಚ್ಚು ಬೆಲೆ ಕೊಡಿ. ಊರಿನ ನಾಲ್ಕು ಹೋಂಸ್ಟೇಗಳು ಹೀಗೆ ಮಾಡಿದರೆ ನಮ್ಮಲ್ಲಿ ಎಷ್ಟೋ ಜನ ಗದ್ದೆ ಬಿಡುವ ಯೋಚನೆಯನ್ನೇ ಬಿಡುತ್ತಾರೆ. ಆಳಿನ ಕೊರತೆಗೆ ನಾಟಿ ಯಂತ್ರದ ಬಗ್ಗೆ ಗೋಣಿಕೊಪ್ಪಲಿನ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಬಹುದು.

ಬಾಣೆಮನೆ (ನಾಪೋಕ್ಲು):

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ಈ ಉತ್ತರಗಳನ್ನು ಮನೆಯವರೆಲ್ಲರಿಗೂ ಓದಿ ಹೇಳಿದೆ. ಗದ್ದೆಯನ್ನು ಈ ವರ್ಷ ಗುತ್ತಿಗೆಗೆ ಕೊಡುವುದಿಲ್ಲ ಎಂದು ತೀರ್ಮಾನವಾಗಿದೆ. ನಮ್ಮ ಊಟಕ್ಕೆ ಸ್ವಂತ ಅಕ್ಕಿ, ಸಾಲದ್ದಕ್ಕೆ ನೆರೆಯವರ ಅಕ್ಕಿ. ಮರಗಳ ವಿಷಯದಲ್ಲಿ ನಮ್ಮ ಮಾವನವರಿಗೆ ಇನ್ನೂ ಪೂರ್ತಿ ಸಮಾಧಾನವಾಗಿಲ್ಲ. ಅತ್ತಿ ಮತ್ತು ಹಲಸನ್ನು ಉಳಿಸಲು ಅವರು ಒಪ್ಪಿದ್ದಾರೆ, ಮೆಣಸಿಗಾಗಿ ತೋಟದ ಒಂದು ಅಂಚಿನಲ್ಲಿ ಸಿಲ್ವರ್ ಓಕ್ ಇರಲಿ ಎನ್ನುತ್ತಾರೆ. ಅಷ್ಟಕ್ಕೆ ನಾನೂ ಒಪ್ಪಿದ್ದೇನೆ.

ಇನ್ನೊಂದು ಸಂದೇಹ ಉಳಿದಿದೆ. ನಮ್ಮಲ್ಲಿ ಸ್ವಲ್ಪ ಅರೇಬಿಕಾ ಇದೆ, ಅದನ್ನು ಮನೆಯಲ್ಲಿಯೇ ಪಲ್ಪ್ ಮಾಡುತ್ತೇವೆ (ಹಣ್ಣಿನ ಸಿಪ್ಪೆ ಬಿಡಿಸಿ ಬೀಜ ತೊಳೆಯುತ್ತೇವೆ). ಆ ನೀರು ತೋಡಿಗೆ ಹೋಗುತ್ತದೆಯೋ ಎಂಬ ಭಯ ಗದ್ದೆಬದುವಿನವರ ಮಾತು ಓದಿದ ಮೇಲೆ ಹೆಚ್ಚಾಯಿತು. ಸಣ್ಣ ಬೆಳೆಗಾರರು ಇದಕ್ಕೆ ಏನು ಮಾಡಬಹುದು?

ತೋಟದಂಚು (ಸಿದ್ದಾಪುರ):

ಬಾಣೆಮನೆಯವರೇ, ಆ ಭಯಕ್ಕೆ ಕಾರಣವಿದೆ. ಪಲ್ಪಿಂಗ್ ನಡೆಯುವುದು ಡಿಸೆಂಬರ್, ಜನವರಿಯಲ್ಲಿ, ತೋಡಿನ ನೀರು ಇಳಿಯುತ್ತಿರುವ ಕಾಲದಲ್ಲಿ. ಹಣ್ಣಿನ ಸಿಹಿ ಲೋಳೆ ಕರಗಿದ ನೀರು ಹುಳಿಯಾಗಿ, ಕೊಳೆಯುವಾಗ ತೋಡಿನಲ್ಲಿರುವ ಆಮ್ಲಜನಕವನ್ನೆಲ್ಲ ಹೀರಿಬಿಡುತ್ತದೆ. ಮೀನು, ಏಡಿ ಉಸಿರುಗಟ್ಟಿ ಸಾಯುತ್ತವೆ. ತೋಡಿನಿಂದ ಸಾಕಷ್ಟು ದೂರದಲ್ಲಿ, ಮಳೆನೀರು ನುಗ್ಗದ ಕಡೆ ಗುಂಡಿಗಳನ್ನು ತೋಡಿ, ಮೊದಲ ಗುಂಡಿಯಲ್ಲಿ ಸುಣ್ಣ ಹಾಕಿ ಹುಳಿ ತೆಗೆದು, ತಿಳಿಯಾದ ನೀರನ್ನು ಮುಂದಿನ ಗುಂಡಿಗೆ ಬಿಟ್ಟು ಅಲ್ಲಿಯೇ ಇಂಗಿ ಆರಲು ಬಿಡಬೇಕು. ಸಿಪ್ಪೆಯನ್ನು ಸಗಣಿಯೊಂದಿಗೆ ಸೇರಿಸಿ ಗೊಬ್ಬರ ಮಾಡಿದರೆ ತೋಟಕ್ಕೇ ಆಗುತ್ತದೆ. ನೀರು ಕಡಿಮೆ ಬಳಸುವ ಪಲ್ಪರ್ ಯಂತ್ರಗಳು ಬಂದಿವೆ. ಸಣ್ಣವರು ನಾಲ್ಕೈದು ಮನೆಯವರು ಸೇರಿ ಒಂದನ್ನು ಇಟ್ಟುಕೊಳ್ಳಬಹುದು. ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರದಲ್ಲಿ ವಿಚಾರಿಸಿ. ನಿಮ್ಮಲ್ಲಿ ಅರೇಬಿಕಾ ಸ್ವಲ್ಪವೇ ಇರುವುದರಿಂದ ಪಲ್ಪ್ ಮಾಡದೆ ಹಣ್ಣನ್ನೇ ಕಣದಲ್ಲಿ ಒಣಗಿಸಿ ಚೆರ್ರಿಯಾಗಿ ಮಾರಲೂಬಹುದು. ಬೆಲೆ ಕಡಿಮೆ ಸಿಗುತ್ತದೆ, ತೋಡಿಗೆ ಒಂದು ಹನಿಯೂ ಹೋಗುವುದಿಲ್ಲ.

ನೀರಿನ ಮಾತು ಬಂದದ್ದರಿಂದ ಇದನ್ನೂ ಹೇಳಬೇಕು. ಹೂಮಳೆ (ಕಾಫಿ ಹೂ ಅರಳಿಸುವ ಮಳೆ) ತಡವಾದ ವರ್ಷ ಫೆಬ್ರವರಿ, ಮಾರ್ಚ್‌ನಲ್ಲಿ ಎಲ್ಲರೂ ಒಟ್ಟಿಗೆ ತೋಡಿಗೆ, ಹೊಳೆಗೆ ಪಂಪು ಇಳಿಸಿ ಸ್ಪ್ರಿಂಕ್ಲರ್ ಹಾಕುತ್ತೇವೆ. ಮೀನು ಬದುಕುವ ಮಡುಗಳೂ ಆಗ ಬರಿದಾಗುತ್ತವೆ. ಮಳೆಗಾಲದ ನೀರನ್ನು ತೋಟದ ಕೆರೆಯಲ್ಲಿ ಹಿಡಿದಿಟ್ಟವರು ಹೊಳೆಯನ್ನು ಬಿಟ್ಟುಬಿಡಬಹುದು.

ಫಿಲ್ಟರ್‌ಲೋಟದವರ ಪ್ರಶ್ನೆಗೆ ನನ್ನ ಬಳಿ ಪೂರ್ಣ ಉತ್ತರವಿಲ್ಲ. ಹಕ್ಕಿಸ್ನೇಹಿ ಕಾಫಿಗೆ, ಕಾಡುಸ್ನೇಹಿ ಕಾಫಿಗೆ ಪ್ರಮಾಣಪತ್ರ ಕೊಡುವ ಅಂತರರಾಷ್ಟ್ರೀಯ ಸಂಸ್ಥೆಗಳಿವೆ. ಆದರೆ ಅದರ ವೆಚ್ಚ, ದಾಖಲೆಗಳ ಹೊರೆ ಸಣ್ಣ ಬೆಳೆಗಾರ ಒಬ್ಬನೇ ಹೊರುವಂಥದ್ದಲ್ಲ, ಗುಂಪಾಗಿ ಪಡೆಯಬೇಕು. ಯುರೋಪಿನ ಒಕ್ಕೂಟ 2023ರಲ್ಲಿ ತಂದ ಕಾನೂನು, 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ನೆಲದಲ್ಲಿ ಬೆಳೆದ ಕಾಫಿಯನ್ನು ಅಲ್ಲಿನ ಮಾರುಕಟ್ಟೆಗೆ ಬಿಡಬಾರದೆನ್ನುತ್ತದೆ. ನಮ್ಮ ಕಾಫಿಯ ಬಹುಪಾಲು ರಫ್ತಾಗುವುದರಿಂದ ಅದು ನಮಗೆ ಮುಖ್ಯವೇ. ಆದರೆ ಹಳೆಯ ತೋಟದೊಳಗೆ ಅತ್ತಿ ಹೋಗಿ ಸಿಲ್ವರ್ ಓಕ್ ಬಂದುದನ್ನು ಆ ಕಾನೂನು ಗಮನಿಸುವುದಿಲ್ಲ. ಆದ್ದರಿಂದ ಸದ್ಯಕ್ಕೆ ಇರುವ ನೇರ ದಾರಿ ಎಂದರೆ ಬೆಳೆಗಾರರಿಂದಲೇ ಪುಡಿ ತರಿಸಿಕೊಳ್ಳುವುದು, ತೋಟದಲ್ಲಿ ಯಾವ ಯಾವ ಮರಗಳಿವೆ, ಪಲ್ಪರ್ ನೀರು ಎಲ್ಲಿಗೆ ಹೋಗುತ್ತದೆ ಎಂದು ಕೇಳುವುದು. ಮರಗಳ ಹೆಸರನ್ನು ತಡವರಿಸದೆ ಹೇಳುವ ಬೆಳೆಗಾರರು ನಮ್ಮ ಜಿಲ್ಲೆಯಲ್ಲಿ ಇನ್ನೂ ಬೇಕಾದಷ್ಟಿದ್ದಾರೆ. ಬಾಣೆಮನೆಯವರೂ ತಮ್ಮ ಪುಡಿಯನ್ನು ಅತಿಥಿಗಳಿಗೆ ಮಾರುವುದಾದರೆ ಮೊದಲ ಗಿರಾಕಿ ಮೈಸೂರಿನಲ್ಲಿಯೇ ಸಿಕ್ಕಂತಾಯಿತು.